ನಾಕು ಎಂದರೆ ಎಷ್ಟು?

ಹೈದರಾಬಾದಿನಲ್ಲಿ ಹಣ್ಣಿನ ಗಾಡಿಯ ಮುಂದೆ ನಿಂತ ಕನ್ನಡದವರು ‘ನಾಕು’ ಎಂದರೆ ನಾಲ್ಕು ಹಣ್ಣು ಬೇಕೆಂದು ಅರ್ಥ. ಅದೇ ಸದ್ದು ತೆಲುಗಿನ ಕಿವಿಗೆ ‘ನನಗೆ’ ಎಂದು ಕೇಳುತ್ತದೆ. ತೆಲುಗಿನ ನಾಲ್ಕು ‘ನಾಲುಗು’. ಪಕ್ಕದಲ್ಲಿರುವ ಉರ್ದು ಅಥವಾ ಮರಾಠಿಯವರಿಗೆ ‘ನಾಕ್’ ಎಂದರೆ ಮೂಗು. ಉರ್ದುವಿನ ನಾಲ್ಕು ‘ಚಾರ್’. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಚಾರ್‌ಮಿನಾರಿನ ಹೆಸರಿನಲ್ಲಿರುವುದು ಅದೇ.

ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ‘ನಾಕಾ’ ಎಂದರೆ ತಪಾಸಣೆಯ ಕಟ್ಟೆ; ಕನ್ನಡ ಪತ್ರಿಕೆಗಳ ‘ನಾಕಾಬಂದಿ’ ಬಂದದ್ದು ಅಲ್ಲಿಂದ. ಫಾರ್ಸಿಯಲ್ಲಿ ‘ನಾಕ್’ ಒಂದು ಪ್ರತ್ಯಯ, ‘ತುಂಬಿದ’ ಎಂಬರ್ಥ ಕೊಡುವಂಥದ್ದು. ಅಪಾಯ ತುಂಬಿದ್ದು ಖತರ್‌ನಾಕ್. ಹೈದರಾಬಾದಿನ ತೆಲುಗು ಆ ಪದವನ್ನು ತಿರುಗಿಸಿ ‘ಭಾರೀ ಚೆನ್ನಾಗಿದೆ’ ಎನ್ನುವುದಕ್ಕೂ ಬಳಸುತ್ತದೆ. ಸಂಸ್ಕೃತದ ‘ನಾಕ’ ಸ್ವರ್ಗ. ಇನ್ನು ತಮಿಳಿನ ‘ನಾಕ್ಕು’ ನಾಲಿಗೆ, ತೆಲುಗಿನ ‘ನಾಕು’ ಕ್ರಿಯಾಪದವಾದಾಗ ನೆಕ್ಕುವುದು.

ಇವೆಲ್ಲ ಒಂದೇ ಪದವೇ? ಅಲ್ಲ. ಒಡೆದು ನೋಡಿದರೆ ತಿಳಿಯುತ್ತದೆ. ಕನ್ನಡದ ನಾಕು ‘ನಾಲ್ಕು’ವಿನ ಆಡುರೂಪ, ಬೇಂದ್ರೆಯವರು ‘ನಾಕು ತಂತಿ’ ಎಂದು ಹೆಸರಿಟ್ಟದ್ದು ಈ ರೂಪದಲ್ಲಿಯೇ. ಅದರ ಬೇರು ‘ನಾಲ್’. ನಾಲ್ವರು ಎನ್ನುವಾಗ ಅದು ಹಾಗೆಯೇ ಉಳಿದಿದೆ. ತೆಲುಗಿನ ನಲುಗುರು ಅದರ ನಂಟ. ತೆಲುಗಿನ ‘ನಾಕು’ ಒಡೆಯುವುದು ಬೇರೆ ಕಡೆ: ‘ನಾ’ ಎಂದರೆ ನನ್ನ, ‘ಕು’ ಚತುರ್ಥಿ ವಿಭಕ್ತಿ. ಆ ‘ಕು’ಗೂ ಕನ್ನಡದ ‘ನನಗೆ’ಯ ‘ಗೆ’ಗೂ, ‘ಮರಕ್ಕೆ’ಯ ‘ಕೆ’ಗೂ, ತಮಿಳಿನ ‘ಎನಕ್ಕು’ವಿನ ‘ಕು’ಗೂ ಮೂಲ ಒಂದೇ. ಸದ್ದು ಪೂರ್ತಿ ಒಂದಾಗಿರುವ ಎರಡು ‘ನಾಕು’ಗಳು ಪರಸ್ಪರ ಅಪರಿಚಿತರು, ಒಂದೇ ಆಗಿ ಕೇಳಿಸದ ‘ಕು’ ಮತ್ತು ‘ಗೆ’ ಒಡಹುಟ್ಟಿದವರು.

ಈ ಭೇದವನ್ನು ಹಿಡಿಯಲು ಒಂದು ಶಿಸ್ತು ಬೇಕಾಯಿತು. 1816ರಲ್ಲಿ ಮದರಾಸಿನಲ್ಲಿ ಅಚ್ಚಾದ ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣಕ್ಕೆ ಎಫ್. ಡಬ್ಲ್ಯು. ಎಲ್ಲಿಸ್ ಟಿಪ್ಪಣಿ ಬರೆದು, ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಅಕ್ಕಪಕ್ಕ ಇಟ್ಟು ಅವುಗಳ ನಂಟನ್ನು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ಲರ ತೌಲನಿಕ ವ್ಯಾಕರಣ ಬಂತು. ಒಂದು ಪದ ಇನ್ನೊಂದರಂತೆ ಕೇಳಿದರೆ ಸಾಲದು. ವ್ಯತ್ಯಾಸವೂ ಹಲವು ಪದಗಳಲ್ಲಿ ಒಂದೇ ಕ್ರಮದಲ್ಲಿ ಮರುಕಳಿಸಬೇಕು. ಈ ವಿದ್ಯೆಯ ತಳಹದಿ ಇದು.

ನಿಜಾಮರ ಸಂಸ್ಥಾನದಲ್ಲಿ ಜನ ಇಂಥ ಸದ್ದುಗಳ ನಡುವೆಯೇ ಬದುಕಿದರು. ಅಲ್ಲಿನ ನೋಟಿನ ಮೇಲೆ ಉರ್ದುವಿನ ಜೊತೆ ಇಂಗ್ಲಿಷ್, ತೆಲುಗು, ಮರಾಠಿ, ಕನ್ನಡಗಳೂ ಇದ್ದವು. ಆಡಳಿತದ ಭಾಷೆ ಮಾತ್ರ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಅದರಲ್ಲಿಯೇ. ಮನೆಯಲ್ಲಿ ನಾಕು ಎಂದು ಎಣಿಸಿದ ರಾಯಚೂರಿನ ಹುಡುಗ ಓದು ಮುಂದುವರಿಸಬೇಕಾದರೆ ಚಾರ್ ಎಂದು ಎಣಿಸಬೇಕಿತ್ತು.

1956ರ ನವೆಂಬರ್ 1ರಂದು ಆ ನಾಡು ಭಾಷೆಯ ಲೆಕ್ಕದಲ್ಲಿ ಹಂಚಿಹೋಯಿತು. ಬೀದರ್ ಜಿಲ್ಲೆಯೊಂದೇ ಮೂರು ರಾಜ್ಯಗಳಿಗೆ ಹರಿದು ಹೋಯಿತು: ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರಿಗೆ, ಉದಗೀರ, ನಿಲಂಗಾ ಮುಂಬಯಿಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ನಕ್ಷೆಯ ಮೇಲೆ ಒಂದು ಊರಿಗೆ ಒಂದೇ ಭಾಷೆ ಬರೆಯಬೇಕಿತ್ತು. ಜನರ ಬಾಯಲ್ಲಿ ಎರಡು ಮೂರು ಇದ್ದವು. ಗೆರೆಯ ಆಚೆ ಉಳಿದ ಕನ್ನಡದ ಮನೆಗಳಲ್ಲಿ ಮಕ್ಕಳು ಎರಡೂ ‘ನಾಕು’ಗಳನ್ನು ಕಲಿತರು, ಎಲ್ಲಿ ಯಾವುದೆಂದು ತಪ್ಪದೆ.

ಗಡಿಯ ವಾದಗಳಲ್ಲಿ ‘ಈ ಪದ ನಮ್ಮದು, ಆದ್ದರಿಂದ ಊರೂ ನಮ್ಮದು’ ಎನ್ನುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಅಂಥ ಮಾತಿಗೆ ಆಧಾರವಾಗಿ ನಿಲ್ಲುವುದು ಹೆಚ್ಚಾಗಿ ಕಿವಿಗೆ ಬಿದ್ದ ಹೋಲಿಕೆ ಅಷ್ಟೇ. ‘ನಾಕು’ ಅದನ್ನು ಎಷ್ಟು ನಂಬಬೇಕೆಂದು ತೋರಿಸುತ್ತದೆ. ಕನ್ನಡಕ್ಕೂ ತೆಲುಗಿಗೂ ಇರುವ ನಂಟು ನಿಜ, ಬಹಳ ಹಳೆಯದು. ಆದರೆ ಅದು ಇರುವುದು ಒಂದೇ ಎನಿಸುವ ಪದದಲ್ಲಿ ಅಲ್ಲ, ಯಾರೂ ಗಮನಿಸದೆ ದಿನಕ್ಕೆ ನೂರು ಸಲ ಆಡುವ ‘ಗೆ’ ಎಂಬ ಒಂದಕ್ಷರದಲ್ಲಿ.