ಕಣ್ಣಿನಿಂದ ಮಿದುಳಿಗೆ: ಹೈದರಾಬಾದಿನ ಒಂದು ಸಂಶೋಧನೆಯ ಚರಿತ್ರೆ

ಹಬ್ಸಿಗುಡದ ಮಾರ್ಗವಾಗಿ ಉಪ್ಪಲಿಗೆ ಹೋಗಿಬರುವ ನಮ್ಮ ಕನ್ನಡಿಗರಿಗೆ ಅಲ್ಲಿಯ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರವು ಅಪರಿಚಿತವಾದುದೇನೂ ಅಲ್ಲ. ಪುಷ್ಪ ಮಿತ್ರ ಭಾರ್ಗವರ ಪ್ರಯತ್ನದಿಂದ 1977ರಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಕಣ್ಣಿನ ಮಸೂರವನ್ನು ಕುರಿತು ನಡೆದ ವಿಚಾರವು ಮುಪ್ಪಿನ ಮರೆವಿನ ರೋಗದವರೆಗೆ ಸಾಗಿದ ಬಗೆಯನ್ನು ಬಲ್ಲವರು ಮಾತ್ರ ವಿರಳ.

ಪ್ರೋಟೀನಿನ ಎಳೆಯು ತಕ್ಕ ರೀತಿಯಲ್ಲಿ ಮಡಿಸಿಕೊಂಡಾಗಲೇ ಕೆಲಸಕ್ಕೆ ಬರುವುದು. ಶಾಖವೇ ಮೊದಲಾದ ಕ್ಷೋಭೆಗಳಿಂದ ಮಡಿಕೆ ಬಿಚ್ಚಿದರೆ ಎಳೆಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ; ಬೆಂದ ಮೊಟ್ಟೆಯ ಬಿಳಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೀವಕೋಶವು ಇದನ್ನು ಸುಮ್ಮನೆ ಸಹಿಸುವುದಿಲ್ಲ. ಕಾವೇರಿದ ಹಣ್ಣುನೊಣದ ವರ್ಣತಂತುಗಳು ಕೆಲವೆಡೆ ಉಬ್ಬುವುದನ್ನು ಇಟಲಿಯ ರಿಟೋಸ 1962ರಲ್ಲಿ ಪ್ರಕಟಿಸಿದರು. ಆಗ ಹುಟ್ಟುವ ರಕ್ಷಕ ಪ್ರೋಟೀನುಗಳು 1974ರಲ್ಲಿ ಗೋಚರವಾದುವು. ಅವುಗಳಲ್ಲಿ ಸಣ್ಣವಕ್ಕೂ ಸ್ತನಿಗಳ ಕಣ್ಣಿನ ಮಸೂರದಲ್ಲಿರುವ ಆಲ್ಫಾ ಕ್ರಿಸ್ಟಲಿನ್ನಿಗೂ ದಾಯಾದಿ ಸಂಬಂಧವುಂಟೆಂಬುದು 1982ರಲ್ಲಿ ಬೆಳಕಿಗೆ ಬಂದಿತು. ನೊಣವೆಲ್ಲಿ, ಕಣ್ಣೆಲ್ಲಿ!

ಮಸೂರದ ನಡುಭಾಗದ ಪ್ರೋಟೀನುಗಳು ಆಯುಷ್ಯವಿಡೀ ಹೊಸದಾಗದೆ ಉಳಿಯಬೇಕಾದುವು; ಅವು ಗಂಟುಕಟ್ಟಿದರೆ ಪೊರೆ ಬರುತ್ತದೆ. ಆಲ್ಫಾ ಕ್ರಿಸ್ಟಲಿನ್ ಇದಕ್ಕೆ ಕಾವಲುಗಾರನೆಂದು ಅಮೆರಿಕೆಯ ಹಾರ್ವಿಟ್ಜ್ 1992ರಲ್ಲಿ ತೋರಿಸಿದರು. ಹೈದರಾಬಾದಿನ ಬಿ. ರಾಮನ್, ಟಿ. ರಾಮಕೃಷ್ಣ, ಸಿಎಚ್. ಮೋಹನರಾವ್ ಇವರು 1994 ಮತ್ತು 1995ರ ಲೇಖನಗಳಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸುಮಾರು 30 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಈ ಕಾವಲುಗಾರನ ರಚನೆಯೇ ಮಾರ್ಪಟ್ಟು, ನೀರನ್ನೊಲ್ಲದ ಭಾಗಗಳು ಹೊರಗೆ ಬಂದು, ತಡೆಯುವ ಶಕ್ತಿ ಹೆಚ್ಚುತ್ತದೆ. ಅಪಾಯವೇ ಕಾವಲುಗಾರನನ್ನು ಎಚ್ಚರಿಸುವ ಈ ವ್ಯವಸ್ಥೆಯು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ರಮ್ಯವಾಗಿ ತೋರುತ್ತದೆ.

ಇದರ ‘ಬಿ’ ಎಂಬ ಬಗೆಯು ಮಸೂರಕ್ಕಷ್ಟೇ ಮೀಸಲಲ್ಲ. ಅಲೆಕ್ಸಾಂಡರ್ ರೋಗಕ್ಕೆ ತುತ್ತಾದವರ ಮಿದುಳಿನಲ್ಲಿ ಅದು ರಾಶಿಬಿದ್ದಿರುವುದು 1989ರಲ್ಲಿಯೇ ಕಂಡುಬಂದಿತ್ತು. ಆಲ್ಜ್‌ಹೈಮರ್ ರೋಗದಲ್ಲಿ ಅಮಿಲಾಯ್ಡ್ ಬೀಟಾ ಎಂಬ ತುಣುಕುಗಳು ನಾರುನಾರಾಗಿ ಮಿದುಳಿನಲ್ಲಿ ಶೇಖರವಾಗುತ್ತವೆ. ಹಾಲಿಗೆ ಹೆಪ್ಪು ಬಿದ್ದಂತೆ, ಮೊದಲ ಕಣವು ಕೂಡಿದರೆ ಸಾಕು, ಉಳಿದುದು ತಾನಾಗಿ ನಡೆಯುತ್ತದೆ. ಹೈದರಾಬಾದಿನವರು ಜಪಾನಿನ ಯೂಜಿ ಗೋಟೊ ಮೊದಲಾದವರೊಡನೆ 2005ರಲ್ಲಿ ಪ್ರಕಟಿಸಿದ ಲೇಖನವು ಈ ಹೆಪ್ಪನ್ನು ಕುರಿತದ್ದು. ಆಲ್ಫಾ ಬಿ ಕ್ರಿಸ್ಟಲಿನ್ ಬಿಡಿ ತುಣುಕುಗಳೊಡನೆ ಸ್ಥಿರವಾಗಿ ಕೂಡುವುದಿಲ್ಲ. ಹೆಪ್ಪಿಗೇ ಅಂಟಿಕೊಂಡು ನಾರಿನ ಬೆಳವಣಿಗೆಯನ್ನು ತಡೆಯುತ್ತದೆ.

ಇದು ಗಾಜಿನ ನಳಿಗೆಯಲ್ಲಿ ಕಂಡ ಫಲ. ಔಷಧವೆಂದು ಸಾರುವುದು ಅವಸರವಾದೀತು. ಅದೇ ಲೇಖನದಲ್ಲಿ ಮತ್ತೊಂದು ಸಂಗತಿಯೂ ಇದೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಬೇರೊಂದು ಪ್ರೋಟೀನಿನ ನಾರು ಕರಗಿಹೋಗುವುದನ್ನೂ ಈ ಕಾವಲುಗಾರನು ನಿಧಾನಗೊಳಿಸುತ್ತಾನೆ.