ಮೈಸೂರಿನ ಶಾಯಿ, ಡೊಂಬಿವಲಿಯ ಓಟು

ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ಲೋಕಲ್ ಗಾಡಿ ಹಿಡಿದು ದಿನಬೆಳಗಾದರೆ ಮುಂಬಯಿಗೆ ದುಡಿಯಲು ಹೋಗುವ ನಮಗೆ ವಿಕ್ರೋಲಿಯೆಂದರೆ ದಾರಿಯಲ್ಲಿ ಸಿಗುವ ಒಂದು ಸ್ಟೇಷನ್, ಅಷ್ಟೆ. ಆದರೆ ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಗೆ ಬೇಕಾದ ಉಕ್ಕಿನ ಮತಪೆಟ್ಟಿಗೆಗಳಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿದವು 1951ರಲ್ಲಿ ತಯಾರಾದದ್ದು ಇದೇ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ. ಇನ್ನು ಮತ ಹಾಕುವಾಗ ನಮ್ಮ ಎಡಗೈಯ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಿಂದ ಮೈಸೂರಿನಿಂದ ಬರುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಗಳಿಗಾಗಿ ಆರಂಭವಾದ ಕಾರ್ಖಾನೆಯದು. ಈಗ ಕರ್ನಾಟಕ ಸರಕಾರದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. ಪೆಟ್ಟಿಗೆ ಇಲ್ಲಿಯದು, ಶಾಯಿ ಊರಿನದು. ಹಾಗಾದರೆ ನಮ್ಮ ಓಟು ಎಲ್ಲಿಯದು? ವಲಸೆ ಬಂದ ಕನ್ನಡ ಕುಟುಂಬಗಳು ಪ್ರತಿ ಚುನಾವಣೆಯಲ್ಲೂ ಎದುರಿಸುವ ಈ ಪ್ರಶ್ನೆಯನ್ನು ಕೊಂಚ ಇತಿಹಾಸದ ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಪ್ರಥಮ ಚುನಾವಣೆಯ ಕಾಲಕ್ಕೆ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಬೇರೆ ಬೇರೆ ವಿಧಾನಸಭೆಗಳಿಗೆ ಮತ ಹಾಕಿದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಠಾಣೆಯಂತೆಯೇ ಮುಂಬಯಿ ರಾಜ್ಯದ ಜಿಲ್ಲೆಗಳಾಗಿದ್ದವು. ಅಂದರೆ ವಿಜಾಪುರದಿಂದ ಬಂದು ಠಾಣೆಯಲ್ಲಿ ನೆಲೆಸಿದವನೂ ಊರಿನಲ್ಲಿ ಉಳಿದ ಅವನ ಅಣ್ಣನೂ 1952ರಲ್ಲಿ ಒಂದೇ ವಿಧಾನಸಭೆಗೆ ಪ್ರತಿನಿಧಿಗಳನ್ನು ಕಳಿಸಿದರು. ಉಡುಪಿ, ಮಂಗಳೂರಿನವರು ಮಾತ್ರ ಮದರಾಸಿಗೆ ಸೇರಿದವರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಠಾಣೆಯಲ್ಲಿದ್ದ ವಿಜಾಪುರದವನು ಮನೆ ಬದಲಿಸದೆಯೇ, ನೌಕರಿ ಬದಲಿಸದೆಯೇ ಪರರಾಜ್ಯದವನಾದನು. ಅವನ ಓಟು ಮಾತ್ರ ಠಾಣೆಯಲ್ಲಿಯೇ ಉಳಿಯಿತು.

ಆ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಪ್ರತ್ಯೇಕ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಚೀಟಿಯ ಮೇಲೆ ಗುರುತು ಹಾಕುವ ಗೋಜಿಲ್ಲ. ಬೇಕಾದವರ ಪೆಟ್ಟಿಗೆಯೊಳಕ್ಕೆ ಇಳಿಬಿಟ್ಟರಾಯಿತು. ಓದುಬರಹ ಬಾರದ ಕೋಟ್ಯಂತರ ಜನರಿಗಾಗಿ ಈ ಏರ್ಪಾಡು. ಆದರೆ ಪೆಟ್ಟಿಗೆಯವರೆಗೆ ಹೋಗಬೇಕಾದರೆ ಮೊದಲು ಯಾದಿಯಲ್ಲಿ ಹೆಸರು ಇರಬೇಕಷ್ಟೆ? ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮೊದಲ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದಕ್ಕೆ ಒಪ್ಪಲಿಲ್ಲ. ಹೆಸರು ತಿಳಿಸದೆ ಉಳಿದ ಸುಮಾರು 28 ಲಕ್ಷ ಮಹಿಳೆಯರು ಯಾದಿಯಿಂದ ಹೊರಗುಳಿದರು. ಅಂದು ಕಠೋರವೆನಿಸಿದರೂ, ಹೆಣ್ಣಿಗೆ ತನ್ನದೇ ಹೆಸರಿನಲ್ಲಿ ಓಟು ಇರಬೇಕೆಂಬುದು ಆ ನಿರ್ಧಾರದಿಂದ ಖಚಿತವಾಯಿತು.

ಹೆಸರಿನ ತೊಂದರೆ ನಮಗೂ ತಪ್ಪಿದ್ದಲ್ಲ, ಆದರೆ ಅದು ಬೇರೆ ಬಗೆಯದು. ಇಲ್ಲಿಯ ಯಾದಿ ಮರಾಠಿಯಲ್ಲಿ. ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯದೋ ಗಂಡನದೋ ಹೆಸರು. ಹೆಸರಿನ ಮುಂದೆ ಊರಿನ, ತಂದೆಯ ಮೊದಲಕ್ಷರಗಳನ್ನಷ್ಟೇ ಇಟ್ಟುಕೊಂಡು ಬಂದವರು ಇದರಲ್ಲಿ ಎಲ್ಲಿ ಕೂರಬೇಕು? ಒಬ್ಬನೇ ಮನುಷ್ಯ ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಯಾದಿಯಲ್ಲಿ ಇನ್ನೊಂದು ರೀತಿ. ನಮ್ಮ ಎ ಏ, ಒ ಓ ಎಂಬ ಹ್ರಸ್ವ ದೀರ್ಘಗಳ ಭೇದವೂ ಅಲ್ಲಿ ಉಳಿಯುವುದಿಲ್ಲ.

2024ರ ಮೇ 20ರಂದು ಠಾಣೆ, ಕಲ್ಯಾಣ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆದಾಗ ಇದು ನನ್ನ ಕಣ್ಣಮುಂದೆಯೇ ನಡೆಯಿತು. ಬಿಸಿಲೇರುವ ಮೊದಲೇ ಮುಗಿಸೋಣವೆಂದು ನಮ್ಮ ಕಟ್ಟಡದ ನಾಲ್ಕೈದು ಮಂದಿ ಏಳು ಗಂಟೆಗೇ ಸಮೀಪದ ಶಾಲೆಯಲ್ಲಿ ಸಾಲುಗಟ್ಟಿದೆವು. ನಮ್ಮೊಡನೆ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಗುರುತಿನ ಚೀಟಿ ಕೈಯಲ್ಲಿದೆ, ಯಾದಿಯಲ್ಲಿ ಹೆಸರಿಲ್ಲ. ಇಂಗ್ಲಿಷಿನಲ್ಲಿ ಹುಡುಕಿಸಿದರು, ಮರಾಠಿಯಲ್ಲಿ ಹುಡುಕಿಸಿದರು, ಹೆಸರನ್ನು ಹಿಂದುಮುಂದು ಮಾಡಿ ಹುಡುಕಿಸಿದರು. "ನಲವತ್ತು ವರ್ಷದಿಂದ ಇಲ್ಲೇ ಇದ್ದೇನೆ ಮಾರಾಯ್ರೆ, ನಾನು ಎಲ್ಲಿಗೆ ಹೋದೆ ಅಂತ ಇವರು ತೆಗೆದದ್ದು?" ಎಂದು ನನ್ನನ್ನೇ ಕೇಳಿದರು. ಉತ್ತರ ಕೊಡುವುದು ಹೇಗೆ? ನಾನು ಮತ ಹಾಕಿ ಹೊರಗೆ ಬಂದಾಗ ಅವರು ಶಾಲೆಯ ಗೇಟಿನ ಬಳಿ ಛತ್ರಿ ಊರಿಕೊಂಡು ನಮಗಾಗಿ ಕಾದು ನಿಂತಿದ್ದರು. ಗುರುತಿನ ಚೀಟಿ ನಾವು ಯಾರೆಂಬುದನ್ನು ತೋರಿಸುತ್ತದೆ, ಅಷ್ಟೇ. ಓಟು ಕೊಡುವುದು ಯಾದಿ. ಇದನ್ನು ಬಹಳ ಜನ ಮತದಾನದ ದಿನವೇ ಅರಿಯುತ್ತಾರೆ.

ಊರಿನ ಯಾದಿಯಲ್ಲಿ ಹೆಸರಿದೆಯಲ್ಲ, ಇಲ್ಲಿ ಏಕೆ ಎನ್ನುವವರೂ ನಮ್ಮಲ್ಲಿದ್ದಾರೆ. ಎರಡೂ ಕಡೆ ಇರಲಿ ಎನ್ನುವವರೂ ಇದ್ದಾರೆ. 1950ರ ಜನಪ್ರಾತಿನಿಧ್ಯ ಕಾಯಿದೆ ಇದಕ್ಕೆ ಅಂದೇ ಉತ್ತರ ಕೊಟ್ಟಿದೆ. ಎರಡು ಕ್ಷೇತ್ರಗಳಲ್ಲಿ ಹೆಸರು ಇರಕೂಡದು; ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿಯೇ ಓಟು. ಊರಿನಲ್ಲಿ ಸ್ವಂತ ಮನೆಯಿದೆ ಎಂಬಷ್ಟರಿಂದಲೇ ಅಲ್ಲಿಯ ನಿವಾಸಿಯಾಗುವುದಿಲ್ಲ. ಹಾಗೆಯೇ ಸ್ವಲ್ಪ ಕಾಲ ಊರಿಗೆ ಹೋಗಿ ಕುಳಿತರೆ ಇಲ್ಲಿಯ ವಾಸ ಕಳೆದುಹೋಗುವುದೂ ಇಲ್ಲ. ತಿಳಿದೂ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಸಜೆಯಾಗಬಹುದು.

2024ರಲ್ಲಿ ಉಡುಪಿ, ಮಂಗಳೂರುಗಳಲ್ಲಿ ಏಪ್ರಿಲ್ 26ಕ್ಕೆ, ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳ ಕಡೆ ಮೇ 7ಕ್ಕೆ, ನಮ್ಮಲ್ಲಿ ಮೇ 20ಕ್ಕೆ ಮತದಾನವಾಯಿತು. ಊರಿನಲ್ಲಿ ಒಂದು ಹಾಕಿ ಬಂದು ಇಲ್ಲಿ ಇನ್ನೊಂದು ಹಾಕಲು ದಿನಗಳೇನೋ ಅನುಕೂಲವಾಗಿದ್ದವು. ಅಡ್ಡ ನಿಲ್ಲುವುದು ಮೈಸೂರಿನ ಶಾಯಿ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮದ ಉಪ್ಪಿನೊಡನೆ ಬೆರೆತು, ಬೆಳಕಿಗೆ ಕಪ್ಪಾಗಿ, ನೀರಿಗೂ ಸಾಬೂನಿಗೂ ಜಗ್ಗದ ಕಲೆಯಾಗುತ್ತದೆ. ಚರ್ಮದ ಮೇಲಿನದು ಕೆಲವು ದಿನಗಳಲ್ಲಿ ಮಾಸಿದರೂ ಉಗುರಿನದು ಉಗುರು ಬೆಳೆದು ಹೊರಬೀಳುವ ತನಕ ವಾರಗಟ್ಟಲೆ ಉಳಿಯುತ್ತದೆ. ಹತ್ತು ಮಿಲಿಲೀಟರಿನ ಒಂದು ಪುಟ್ಟ ಸೀಸೆ ಸುಮಾರು 700 ಮಂದಿಗೆ ಸಾಕು.

ಒಂದು ಓಟಿನಿಂದ ಏನಾದೀತು ಎನ್ನುವವರಿಗೆ ಎರಡು ಉದಾಹರಣೆಗಳು. 1952ರಲ್ಲಿ, ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಲಿದ್ದ ಮೊರಾರ್ಜಿ ದೇಸಾಯಿಯವರೇ ತಮ್ಮ ಕ್ಷೇತ್ರದಲ್ಲಿ ಕೇವಲ 19 ಮತಗಳಿಂದ ಸೋತರು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ. ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ.

ನಮ್ಮ ಈ ಊರುಗಳು ನಮ್ಮ ಕಣ್ಣೆದುರೇ ಬೆಳೆದವು. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳೆಲ್ಲ ಒಂದು ಕಾಲಕ್ಕೆ ಠಾಣೆಯೆಂಬ ಒಂದೇ ದೊಡ್ಡ ಲೋಕಸಭಾ ಕ್ಷೇತ್ರದಲ್ಲಿದ್ದವು. ಜನ ಹೆಚ್ಚಿದಂತೆ ಕಲ್ಯಾಣ ಪ್ರತ್ಯೇಕ ಕ್ಷೇತ್ರವಾಗಿ 2009ರಲ್ಲಿ ಮೊದಲ ಬಾರಿಗೆ ಚುನಾವಣೆ ಕಂಡಿತು. ನವಿ ಮುಂಬಯಿಗೆ ಮಹಾನಗರಪಾಲಿಕೆ ಬಂದದ್ದು 1992ರಲ್ಲಿ, ಅದರ ಪ್ರಥಮ ಚುನಾವಣೆ 1995ರಲ್ಲಿ. ಹೀಗೆ ಕ್ಷೇತ್ರಗಳು ಹುಟ್ಟಿದ್ದು, ವಾರ್ಡುಗಳು ಹೆಚ್ಚಿದ್ದು ಬಂದು ನೆಲೆಸಿದ ಜನರಿಂದಲೇ. ಆ ಜನರಲ್ಲಿ ನಾವೂ ಇದ್ದೇವೆ. ನಲ್ಲಿಗೆ ನೀರು ಎಷ್ಟು ಹೊತ್ತು ಬರಬೇಕು, ಮಳೆಗಾಲದಲ್ಲಿ ಗಟಾರು ಉಕ್ಕದಂತೆ ಏನು ಮಾಡಬೇಕು ಎಂಬುದನ್ನು ತೀರ್ಮಾನಿಸುವವರನ್ನು ಆರಿಸುವಾಗ, ಊರಿನ ಯಾದಿಯಲ್ಲಿರುವ ಹೆಸರು ನಮ್ಮ ನೆರವಿಗೆ ಬಾರದು. ಊರಿನ ದೇವರಿಗೆ ಹರಕೆ, ಜಾತ್ರೆಗೆ ವಂತಿಗೆ ಎಲ್ಲವೂ ಇರಲಿ, ಅದಕ್ಕೆ ಕಾಯಿದೆಯ ಅಡ್ಡಿಯಿಲ್ಲ.

ಆದ್ದರಿಂದ ಓದುಗ ಬಾಂಧವರಲ್ಲಿ ಒಂದು ಅರಿಕೆ. ಚುನಾವಣೆ ಘೋಷಣೆಯಾಗುವ ತನಕ ಕಾಯದೆ, ಬಿಡುವಿದ್ದಾಗ ಮನೆಯ ಪ್ರತಿಯೊಬ್ಬರ ಹೆಸರನ್ನೂ ಯಾದಿಯಲ್ಲಿ ನೋಡಿಕೊಳ್ಳಿ. ಹೊಸದಾಗಿ ಸೇರಲು 6ನೆಯ ನಮೂನೆ. ಮನೆ ಬದಲಿಸಿದ್ದರೆ, ಹೆಸರಿನಲ್ಲಿ ತಪ್ಪಿದ್ದರೆ 8ನೆಯ ನಮೂನೆ. ಮದುವೆಯಾಗಿ ಊರಿನಿಂದ ಬಂದ ಸೊಸೆಯ ಹೆಸರು ತವರಿನಲ್ಲಿಯೇ ಉಳಿದಿರಬಹುದು, ಹದಿನೆಂಟು ತುಂಬಿದ ಮಕ್ಕಳ ಹೆಸರು ಇನ್ನೂ ಸೇರದಿರಬಹುದು. ನೆರೆಮನೆಯಲ್ಲಿ ಮರಾಠಿ ಓದಲು ಬಾರದ ಅಜ್ಜಿಯೋ ಅಜ್ಜನೋ ಇದ್ದರೆ ಅವರ ಹೆಸರನ್ನೂ ಒಮ್ಮೆ ಹುಡುಕಿ ನೋಡಿ. ನಮ್ಮ ಕುಂದಾಪುರದ ಹಿರಿಯರು ಮಾರನೆಯ ವಾರವೇ 6ನೆಯ ನಮೂನೆ ತುಂಬಿ ಕೊಟ್ಟರು. ಮರಾಠಿಯಲ್ಲಿ ಅವರ ಹೆಸರನ್ನು ಬಿಡಿಸಿ ಬರೆದದ್ದು ಇಲ್ಲಿಯೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದ ಅವರ ಮೊಮ್ಮಗಳು.