ರಾಮನ್ ರೋಹಿತದರ್ಶನ: ರಕ್ತ ಮತ್ತು ಚರ್ಮದ ಅಧ್ಯಯನ

ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಹಾಯಿಸಿ, ಚದುರಿದ ಬೆಳಕಿನಲ್ಲಿ ಬಣ್ಣ ಬದಲಾದ ಅತ್ಯಲ್ಪ ಪಾಲನ್ನು ಅಳೆದು ಅಣುಗಳನ್ನು ಗುರುತಿಸುವ ವಿಧಾನ. ಬದಲಾಗುವ ಪಾಲು ಅಂದಾಜು ಕೋಟಿಗೊಂದು. ಬದಲಾವಣೆಯ ಅಳತೆ ಅಣುವಿನ ಕಂಪನವನ್ನು ಅವಲಂಬಿಸಿರುತ್ತದೆ, ಅದನ್ನು ಸೆಂ.ಮೀ.⁻¹ ಮಾನದಲ್ಲಿ ಸೂಚಿಸುತ್ತಾರೆ. ನೀರಿನ ರಾಮನ್ ಗೆರೆಗಳು ದುರ್ಬಲವಾದ್ದರಿಂದ ಒದ್ದೆಯಾದ ಜೀವದ್ರವ್ಯವನ್ನು ಒಣಗಿಸದೆ, ಬಣ್ಣ ಹಾಕದೆ ಪರೀಕ್ಷಿಸಬಹುದು.

ಬೆಂಗಳೂರಿನ ಹಿನ್ನೆಲೆ

ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಈ ಪರಿಣಾಮವನ್ನು 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ಕಂಡರು. ಅದೇ ಮಾರ್ಚ್ 16ರಂದು ರಾಮನ್ ಅದನ್ನು ವಿವರವಾಗಿ ಮಂಡಿಸಿದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1933ರಲ್ಲಿ ಅವರು ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಮಲ್ಲೇಶ್ವರದ ‘ಪಂಚವಟಿ’ ಅವರ ಮನೆಯಾಗಿತ್ತು.

ಸಂಸ್ಥೆಯಲ್ಲಿ ಆರ್.ಎಸ್. ಕೃಷ್ಣನ್ 1940ರ ದಶಕದಲ್ಲಿ ನಡೆಸಿದ ಕೆಲಸವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಆಗ ಲೇಸರ್ ಇರಲಿಲ್ಲ. ಅವರು ಬಳಸಿದ್ದು ಪಾದರಸದ ದೀಪದ 253.6 ನ್ಯಾನೋಮೀಟರ್ ಅತಿನೇರಳೆ ಗೆರೆ. ಅಲೆಯುದ್ದ ತಗ್ಗಿದಂತೆ ಚದುರಿಕೆ ಅದರ ನಾಲ್ಕನೆಯ ಘಾತದ ಲೆಕ್ಕದಲ್ಲಿ ಏರುತ್ತದೆ. ಹೀಗಾಗಿ ಅದೇ ದೀಪದ 435.8 ನ್ಯಾನೋಮೀಟರಿನ ನೀಲಿ ಗೆರೆಗಿಂತ ಇದು ಎಂಟು ಪಟ್ಟಿಗೂ ಹೆಚ್ಚು ಫಲ ಕೊಡುತ್ತದೆ. ಆದರೆ ಬಣ್ಣ ಬದಲಾಗದ ಬೆಳಕೂ ಜೊತೆಗೇ ಬಂದು ಛಾಯಾಫಲಕವನ್ನು ಕಪ್ಪಾಗಿಸುತ್ತದೆ. ಇದಕ್ಕೆ ಇಟಲಿಯ ಫ್ರಾಂಕೊ ರಾಸೆಟ್ಟಿ ತೋರಿದ್ದ ಪರಿಹಾರ, ಚದುರಿದ ಬೆಳಕನ್ನು ಪಾದರಸದ ಆವಿಯ ಮೂಲಕ ಹಾಯಿಸುವುದು: ಆವಿ ತನ್ನದೇ ಗೆರೆಯನ್ನು ಹೀರಿಕೊಂಡು ಉಳಿದದ್ದನ್ನು ಬಿಡುತ್ತದೆ. ಈ ರೀತಿಯಲ್ಲಿ ವಜ್ರದ ಅತಿ ಕ್ಷೀಣ ಗೆರೆಗಳೂ ಬೆಂಗಳೂರಿನಲ್ಲಿ ದಾಖಲಾದವು. ಮುಂದೆ ಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ಗ್ಲೈಸೀನ್ ಮೊದಲಾದ ಅಮೈನೊ ಆಮ್ಲಗಳ ಹರಳುಗಳನ್ನು ಅಧ್ಯಯನ ಮಾಡಿದರು. ರಕ್ತ, ಚರ್ಮಗಳ ರೋಹಿತದಲ್ಲಿ ಪ್ರೋಟೀನಿನ ಗೆರೆಗಳನ್ನು ಓದಲು ಇಂಥ ಶುದ್ಧ ಹರಳುಗಳ ಅಧ್ಯಯನವೇ ಅಡಿಪಾಯ.

ಬೇಡದ ಬೆಳಕನ್ನು ದೂರವಿಡುವ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಆವಿಯ ಜಾಗಕ್ಕೆ ಈಗ ಪದರು ಲೇಪಿಸಿದ ಫಿಲ್ಟರುಗಳು ಬಂದಿವೆ. ಜೀವದ್ರವ್ಯದಲ್ಲಿ ತೊಡಕು ಕೊಡುವುದು ಅದು ತಾನೇ ಹೊರಸೂಸುವ ಪ್ರತಿದೀಪ್ತಿ. ಅದು ರಾಮನ್ ಗೆರೆಗಳಿರುವ ಕಡೆಯೇ ಹರಡಿಕೊಳ್ಳುವುದರಿಂದ ಫಿಲ್ಟರಿಗೆ ಸಿಕ್ಕುವುದಿಲ್ಲ.

ರಕ್ತ

ಯಾವ ಲೇಸರ್ ಎಂಬುದರ ಮೇಲೆ ರಕ್ತದಲ್ಲಿ ಏನು ಕಾಣುತ್ತದೆ ಎಂಬುದು ನಿಂತಿದೆ. 532 ನ್ಯಾನೋಮೀಟರಿನ ಹಸಿರು ಬೆಳಕನ್ನು ಹಿಮೋಗ್ಲೋಬಿನ್ನಿನ ಹೀಮ್ ಭಾಗ ಹೀರುವುದರಿಂದ ಅದರ ಗೆರೆಗಳು ಅನೇಕ ಪಟ್ಟು ಬಲಗೊಂಡು ಉಳಿದವುಗಳನ್ನು ಮರೆಮಾಡುತ್ತವೆ. ಆಮ್ಲಜನಕ ಹೊತ್ತಾಗ 1375 ಸೆಂ.ಮೀ.⁻¹ ಬಳಿ ಇರುವ ಗೆರೆ, ಅದನ್ನು ಬಿಟ್ಟುಕೊಟ್ಟಾಗ 1358ರ ಸುಮಾರಿಗೆ ಇಳಿಯುತ್ತದೆ. ಹಸಿರು ಲೇಸರಿನ ಶಕ್ತಿ ಮಿತಿಮೀರಿದರೆ ಕೆಂಪುಕಣವೇ ಕೆಡುತ್ತದೆ. 785 ನ್ಯಾನೋಮೀಟರಿನ ಲೇಸರಿನಲ್ಲಿ ಚದುರಿಕೆ ಹಸಿರಿನ ಐದನೆಯ ಒಂದು ಪಾಲಿನಷ್ಟೇ. ಆದರೆ ಪ್ರತಿದೀಪ್ತಿ ತಗ್ಗುತ್ತದೆ. ಸೀರಮ್ಮಿನಲ್ಲಿ ಫಿನೈಲ್ಅಲನೀನಿನ 1003ರ ಗೆರೆ, ಕ್ಯಾರೊಟಿನಾಯ್ಡುಗಳ 1156 ಮತ್ತು 1520ರ ಸುಮಾರಿನ ಗೆರೆಗಳು ಸುಲಭವಾಗಿ ಗುರುತು ಸಿಗುತ್ತವೆ. ಮಾದರಿಯನ್ನು ಸಾಮಾನ್ಯ ಗಾಜಿನ ಸ್ಲೈಡಿನ ಮೇಲೆ ಇಡುವುದಿಲ್ಲ, ಗಾಜಿನದೇ ಹಿನ್ನೆಲೆ ಬೆರೆಯುತ್ತದೆ. ಕ್ವಾರ್ಟ್ಸ್ ಅಥವಾ ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆ ಬೇಕು.

ಕರ್ನಾಟಕದಲ್ಲಿ ಈ ಕೆಲಸ ಹೆಚ್ಚು ಬೆಳೆದದ್ದು ಮಣಿಪಾಲದಲ್ಲಿ. ವಿ.ಬಿ. ಕರ್ತ ಮತ್ತು ಸಂತೋಷ್ ಚಿದಂಗಿಲ್ ಕಟ್ಟಿದ ಲೇಸರ್ ರೋಹಿತ ಪ್ರಯೋಗಾಲಯ ಬಾಯಿಯ ಕ್ಯಾನ್ಸರಿನ ಅಂಗಾಂಶವನ್ನು ಪರೀಕ್ಷಿಸಿತು. ಲೇಸರಿನ ಬೆಳಕನ್ನೇ ಚಿಮಟವಾಗಿ ಬಳಸಿ ದ್ರವದಲ್ಲಿ ತೇಲುವ ಒಂಟಿ ಕೆಂಪುಕಣವನ್ನು ಹಿಡಿದು, ಹಿಡಿದಂತೆಯೇ ಅದರ ರೋಹಿತವನ್ನೂ ಪಡೆಯಿತು.

ಚರ್ಮ

ರಾಟರ್‌ಡ್ಯಾಮಿನ ತಂಡವೊಂದು 2001ರಲ್ಲಿ ಜೀವಂತ ಚರ್ಮದಲ್ಲಿ ಮೈಕ್ರಾನುಗಳ ಲೆಕ್ಕದಲ್ಲಿ ಒಳಗಿಳಿಯುತ್ತ, ನೀರಿನ ಪ್ರಮಾಣ ಆಳಕ್ಕೆ ತಕ್ಕಂತೆ ಬದಲಾಗುವುದನ್ನು ಅಳೆಯಿತು. ನಮ್ಮ ಮೈಬಣ್ಣಕ್ಕೆ ಆ ಅಳತೆಗಳನ್ನು ಹಾಗೆಯೇ ಅನ್ವಯಿಸುವುದು ಸರಿಯಾಗಲಾರದು: ಮೆಲನಿನ್ ಹೆಚ್ಚಿದಷ್ಟೂ ಬೆಳಕಿನ ಹೀರಿಕೆಯೂ ಪ್ರತಿದೀಪ್ತಿಯೂ ಹೆಚ್ಚುತ್ತವೆ.

ಇನ್ನೂ ಆಳಕ್ಕಿಳಿಯುವ ದಾರಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಶಿವ ಉಮಾಪತಿ ಅವರ ತಂಡ 2014ರಲ್ಲಿ ತೋರಿತು. ‘ಯುಮಾರ್ಸ್’ ಎಂಬ ಅವರ ವಿಧಾನ ಚದುರಿದ ಬೆಳಕನ್ನು ಒಂದೇ ಕೋನದಿಂದ ಹಿಡಿಯದೆ ಸುತ್ತಲಿನ ಎಲ್ಲ ಕೋನಗಳಿಂದ ಸಂಗ್ರಹಿಸಿ, ಪದರುಗಳ ಅಡಿಯಲ್ಲಿ ಹುದುಗಿರುವ ವಸ್ತುವಿನ ಅಣುಗಳನ್ನು ಗುರುತಿಸುತ್ತದೆ.

ರೋಗನಿದಾನದಲ್ಲಿ ಸ್ಥಾನ

ವ್ಯಾಂಕೂವರಿನಲ್ಲಿ 518 ಚರ್ಮದ ಗಾಯ-ಗಂಟುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ದೊಡ್ಡವುಗಳಲ್ಲೊಂದು. ಆದರೂ ಚರ್ಮದ ಕ್ಯಾನ್ಸರಿಗೆ ಬಯಾಪ್ಸಿಯೇ ಕೊನೆಯ ಮಾತು. ರಕ್ತದ ಅಧ್ಯಯನಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕ್ಯಾರೊಟಿನಾಯ್ಡು ಊಟದಿಂದ ಬರುತ್ತದೆ. ಸೊಪ್ಪು, ಪಪ್ಪಾಯಿ, ಕ್ಯಾರೆಟ್ ತಿನ್ನುವವರಲ್ಲಿ ಆ ಗೆರೆಗಳು ಎತ್ತರವಾಗಿರುತ್ತವೆ. ಹಸಿವು ಕಳೆದುಕೊಂಡ ರೋಗಿಗಳಲ್ಲಿ ಅವು ಕುಗ್ಗಿದ್ದರೆ ಅದನ್ನೇ ರೋಗದ ಗುರುತೆಂದು ಭಾವಿಸುವ ಅಪಾಯವಿದೆ. ಒಬ್ಬನೇ ರೋಗಿಯ ಹಲವು ರೋಹಿತಗಳಲ್ಲಿ ಕೆಲವನ್ನು ರೋಗ ಗುರುತಿಸುವುದನ್ನು ಗಣಕಕ್ಕೆ ಕಲಿಸಲು, ಉಳಿದವನ್ನು ಅದನ್ನು ಪರೀಕ್ಷಿಸಲು ಬಳಸಿದರೆ ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಇಂಥ ಅಧ್ಯಯನಗಳನ್ನು ತೂಗುವಾಗ ರೋಹಿತಗಳ ಸಂಖ್ಯೆಗಿಂತ ಮೊದಲು ರೋಗಿಗಳ ಸಂಖ್ಯೆಯನ್ನು ನೋಡಬೇಕು.